ಸುಣ್ಣ ಬಳಿದ ಕಲ್ಲು

ಮೊನ್ನೆ ಕುಂದಗೋಳಕ್ಕೆ ಹೋದವಳು, ಬಸ್ಸಿಗೆ ಇನ್ನೂ ಮುಕ್ಕಾಲು ತಾಸು ಇದೆಯೆಂದು ಅಲ್ಲೇ ಒಂದು ಖಾನಾವಳಿ ಹೊಕ್ಕೆ. ತಾಟು ಬಂತು. ಎರಡು ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿಯ ಮೇಲೆ ಗಟ್ಟಿ ಮೊಸರು, ಬದಿಗೆ ಹಸಿ ಉಳ್ಳಾಗಡ್ಡಿ. ರೂಢಿಯಂತೆ ಕೈ ಜೋಡಿಸಿ ಕಣ್ಣು ಮುಚ್ಚಿದೆ. ತೆರೆದಾಗ ಖಾನಾವಳಿಯ ಮಾಲಕಿ ತಂಬಿಗೆ ಹಿಡಿದುಕೊಂಡು ನನ್ನ ಮುಖಕ್ಕೆ ನೀರು ಚಿಮುಕಿಸಲು ಸಜ್ಜಾಗಿ ನಿಂತಿದ್ದಳು.

“ಯಾಕ್ರೀ ಅಕ್ಕಾರ, ಚಕ್ಕರ್ ಬಂತೇನ್ರಿ?”

“ಇಲ್ಲ್ರಿ, ಪ್ರಾರ್ಥನಾ ಮಾಡಾಕತ್ತಿದ್ದೆ.”

“ಅಯ್ಯ ಶಿವನ! ನಾ ಎಲ್ಲೆ ಪಲ್ಯಾದಾಗ ಏನರ ಬಿದ್ದೈತೇನೋ, ನೋಡಲಾರದ ಕಣ್ಣ ಮುಚ್ಚ್ಯಾರೇನೋ ಅಂತ ಅಂಜಿದ್ನಿ ನೋಡ್ರಿ.”

ಆಕೆ ನಕ್ಕಳು, ನಾನೂ ನಕ್ಕೆ. ಇನ್ನೊಂದು ರೊಟ್ಟಿ ಬಡಿಸಿದಳು, ಅದನ್ನೂ ತಿಂದೆ. ಆದರೆ ನೋಡಲಾರದೆ ಕಣ್ಣು ಮುಚ್ಚುವುದು ಅಂದಳಲ್ಲ, ಆ ಮಾತು ಬಸ್ಸು ಹತ್ತಿ ಕಿಟಕಿ ಪಕ್ಕ ಕೂತ ಮೇಲೂ ನನ್ನ ಬೆನ್ನು ಬಿಡಲಿಲ್ಲ. ಯಾಕೆ ಬಿಡಲಿಲ್ಲ ಅನ್ನುವುದನ್ನು ಹೇಳಬೇಕೆಂದರೆ ಸ್ವಲ್ಪ ಸುತ್ತಿ ಬಳಸಿ ಬರಬೇಕು. ನಿಮಗೆ ಅವಸರವಿಲ್ಲ ಅಂದುಕೊಂಡಿದ್ದೇನೆ.

ಮೊದಲು ನನ್ನ ಪರಿಚಯ. ಹೆಸರು ಕರುಣಾ. ನಾನು ಸರ್ವೇಯರು, ಅಂದರೆ ಹೊಲ ಅಳೆಯುವವಳು. ಕೆಲಸ ಇದೇ ಜಿಲ್ಲೆಯ ಒಂದು ತಾಲೂಕಿನಲ್ಲಿ. ತಾಲೂಕಿನ ಹೆಸರು ಹೇಳುವುದಿಲ್ಲ, ಯಾಕೆಂದರೆ ಇನ್ನು ನಾಲ್ಕು ಮಾತು ಮುಗಿಯುವುದರೊಳಗೆ ನಾನೊಂದು ದೊಡ್ಡ ತಪ್ಪು ಮಾಡಲಿದ್ದೇನೆ, ನಾಳೆಯೂ ಅವೇ ಊರುಗಳಲ್ಲಿ ಚಹಾ ಕುಡಿಯಬೇಕಾಗಿದೆ. ಹುಟ್ಟಿದ್ದು ಅಣ್ಣಿಗೇರಿ ಕಡೆಯ ಒಂದು ಹಳ್ಳಿಯಲ್ಲಿ, ಎಂಟೇ ಎಂಟು ಕ್ರೈಸ್ತ ಮನೆಗಳಿರುವ ಓಣಿಯಲ್ಲಿ. ಮುತ್ತಜ್ಜನ ಕಾಲಕ್ಕೆ ನಮ್ಮವರು ಯೇಸುವನ್ನು ನಂಬಿದರಂತೆ. ರೊಟ್ಟಿ, ಮಾತು, ಸಿಟ್ಟು ಮಾತ್ರ ಊರಿನವರದ್ದೇ ಉಳಿದವು.

ನಮ್ಮ ಮನೆಯಲ್ಲಿ ಊಟದ ಪ್ರಾರ್ಥನೆ ಅವ್ವನ ಪಾಲಿನದು. ಅವ್ವ “ಕರ್ತನೇ” ಎಂದು ಶುರು ಮಾಡಿದಳೆಂದರೆ ಮಳೆ, ಬೆಳೆ, ಮೊಣಕಾಲು ನೋವಿನ ಅಜ್ಜಿ, ಬಾಜೂ ಮನೆಯ ಗಬ್ಬದ ಎಮ್ಮೆ, ಹುಬ್ಬಳ್ಳಿಯಲ್ಲಿ ಪರೀಕ್ಷೆಗೆ ಕೂತ ಮಾವನ ಮಗ, ಹೀಗೆ ಒಬ್ಬೊಬ್ಬರಾಗಿ ಸರತಿಯಲ್ಲಿ ಬರುತ್ತಿದ್ದರು. ಅಷ್ಟರೊಳಗೆ ಸಾರು ಆರಿ ಹೋಗುತ್ತಿತ್ತು. ನನ್ನ ಅಣ್ಣ ಒಂದು ಕಣ್ಣು ತೆರೆದು ನನ್ನ ತಾಟಿನ ಹಪ್ಪಳ ಎಗರಿಸುತ್ತಿದ್ದ. ನಾನು ದೂರು ಹೇಳಿದರೆ, “ನೀ ಕಣ್ಣ ಮುಚ್ಚಿದ್ರ ನಿನಗ ಹೆಂಗ ಕಾಣ್ತ ಬೇ?” ಎಂದು ಅವ್ವ ಇಬ್ಬರ ಬೆನ್ನಿಗೂ ಒಂದೊಂದು ಬಿಡುತ್ತಿದ್ದಳು. ಮುಚ್ಚಿದರೆ ಹಪ್ಪಳ ಹೋಗುತ್ತದೆ, ತೆರೆದರೆ ಬೆನ್ನಿಗೆ ಬೀಳುತ್ತದೆ. ಧರ್ಮದ ಈ ಕಷ್ಟ ನನಗೆ ಏಳನೇ ವಯಸ್ಸಿಗೇ ಗೊತ್ತಾಗಿತ್ತು.

ಅವ್ವನ ಇನ್ನೊಂದು ಕಟ್ಟಪ್ಪಣೆ ಇತ್ತು. ಶಾಲೆಗೆ ಹೋಗುವ ಹಾದಿಯ ತಿರುವಿನಲ್ಲಿ ಕುಂಕುಮ ಹಚ್ಚಿದ ಒಂದು ಕಲ್ಲು. ಅದರ ಹತ್ತಿರ ಬರುತ್ತಿದ್ದಂತೆ, “ಅತ್ತಾಗ ನೋಡಬ್ಯಾಡ, ಮುಂದ ನೋಡಕೋಂತ ನಡಿ” ಎಂದು ನನ್ನ ಗದ್ದ ಹಿಡಿದು ತಿರುಗಿಸುತ್ತಿದ್ದಳು. ಅವ್ವನಿಗೆ ಯಾರ ದೇವರ ಮೇಲೂ ಸಿಟ್ಟಿರಲಿಲ್ಲ. ಒಳ್ಳೆಯ ಮನೆಯ ಹೆಣ್ಣುಮಗಳು ಮಂದಿಯ ಮನೆಯ ಕಿಟಕಿಯೊಳಗೆ ಹಣಿಕಿ ಹಾಕಬಾರದು, ಅಷ್ಟೇ ಅವಳ ಲೆಕ್ಕ. ಪ್ರಸಾದ ಅಂದರೆ ಒಲ್ಲೆ ಅನ್ನಬೇಕು, ಊಟ ಅಂದರೆ ಉಣ್ಣಬೇಕು. ಇದನ್ನು ನನ್ನ ಗೆಳತಿ ಎರಡೇ ದಿನದಲ್ಲಿ ಕಲಿತುಕೊಂಡಳು. ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ, ಅವರ ಹೊಲಕ್ಕೆ ಬಂಡಿ ಕಟ್ಟಿಕೊಂಡು ಹೋದಾಗ ನನ್ನನ್ನೂ ಎಳೆದೊಯ್ದಳು. ಬನ್ನಿ ಗಿಡದ ಬುಡದಲ್ಲಿ ಪಾಂಡವರು ಅಂತ ಐದು ಸಣ್ಣ ಕಲ್ಲು ಇಟ್ಟು, ಸುಣ್ಣ ಬಳಿದು, ಪೂಜೆ ಮಾಡಿ, ಹೊಲದ ತುಂಬ ನೈವೇದ್ಯದ ಚರಗ ಚೆಲ್ಲಿದರು. “ಇದು ಪ್ರಸಾದ ಅಲ್ಲ, ಬರೇ ಶೇಂಗಾ ಹೋಳಿಗಿ, ತಿನ್ನಲೇ” ಅಂದಳು ಗೆಳತಿ. ನಾನು ಐದೂ ಪಾಂಡವರಿಗೆ ಬೆನ್ನು ಮಾಡಿ ಕೂತು ನಾಲ್ಕು ಹೋಳಿಗೆ ತಿಂದೆ. ಅವ್ವನ ಮಾತು ನಡೆಯಿತು, ನನ್ನ ಹೊಟ್ಟೆಯೂ ತುಂಬಿತು.

ಬೆನ್ನು ಮಾಡಿ ಉಣ್ಣುವ ಈ ವಿದ್ಯೆಯನ್ನೇ ನಾನು ನೌಕರಿಗೂ ತೆಗೆದುಕೊಂಡು ಹೋದೆ.

ಕಚೇರಿಯಲ್ಲಿ ಮೊದಲ ದಿನ ಮಧ್ಯಾಹ್ನ ಡಬ್ಬಿ ತೆಗೆದು ಕಣ್ಣು ಮುಚ್ಚಿದಾಗ ಎಲ್ಲರ ಮಾತು ಒಮ್ಮೆಲೇ ನಿಂತಿತು. ಯಾರೋ ಪಿಸುಗುಟ್ಟಿದರು, “ಪಾಪ, ಬಿಸಲಾಗ ಬಂದಾರ, ಕುಂತಲ್ಲೇ ನಿದ್ದಿ ಹತ್ತೈತಿ.” ನಾನು ಕಣ್ಣು ತೆರೆದರೆ ಡಬ್ಬಿಯೇ ಇಲ್ಲ. ನಿದ್ದೆಗಣ್ಣಿನಲ್ಲಿ ಎಲ್ಲಿ ಮೂಗು ಸಾರಿನೊಳಗೆ ಹೋಗುತ್ತದೋ ಎಂದು ಫಕ್ಕೀರಪ್ಪ ಕಾಕಾ ಅದನ್ನು ಮೆಲ್ಲಗೆ ಅತ್ತ ಸರಿಸಿಬಿಟ್ಟಿದ್ದರು. ಕಾಕಾ ನಮ್ಮ ಕಚೇರಿಯ ಚೈನ್‌ಮನ್; ಅಳತೆಯ ಸರಪಳಿಯ ಇನ್ನೊಂದು ತುದಿ ಹಿಡಿಯುವವರು. ನನಗಿಂತ ಹದಿನೈದು ವರ್ಷ ದೊಡ್ಡವರು. ತಾಲೂಕಿನ ಯಾವ ಹೊಲದಲ್ಲಿ ಯಾವ ಕಲ್ಲಿದೆ ಅನ್ನುವುದು ನಕ್ಷೆಗಿಂತ ಅವರ ತಲೆಯಲ್ಲಿ ಚೆನ್ನಾಗಿ ಇತ್ತು.

“ಏ, ಸುಮ್ನಿರು. ಅವರು ಪ್ರಾರ್ಥನಾ ಮಾಡಾಕತ್ತಾರ,” ಎಂದರು ಸುಪರ್ವೈಜರ್ ಗುರುಪಾದಪ್ಪನವರು. ಹಣೆಯ ತುಂಬ ವಿಭೂತಿ, ಎದೆಯ ಮೇಲೆ ಲಿಂಗದ ಕರಡಿಗೆ, ಮುಂಜಾನೆ ಪೂಜೆಯಾಗದೆ ಹನಿ ನೀರು ಮುಟ್ಟದ ಮನುಷ್ಯ. “ಬಾಯಾರ, ನೀವು ಸಾವಕಾಶ ಮಾಡ್ರಿ. ನಾವೇನ ರೈಲಿಗೆ ಹೊಂಟಿಲ್ಲ.”

ಅಂದಿನಿಂದ ಅದೊಂದು ಪದ್ಧತಿಯೇ ಆಯಿತು. ಡಬ್ಬಿ ತೆರೆದ ಮೇಲೆ ನನ್ನ ಕಣ್ಣು ಮುಚ್ಚಿ ತೆರೆಯುವವರೆಗೆ ಯಾರೂ ರೊಟ್ಟಿ ಮುರಿಯುತ್ತಿರಲಿಲ್ಲ. ನಾನು ಬೇಡವೆಂದು ಎಷ್ಟು ಹೇಳಿದರೂ ಕೇಳಲಿಲ್ಲ. ಹಸಿದವರನ್ನು ಕಾಯಿಸುವುದು ಪಾಪವೆಂದು ನಾನೇ ಪ್ರಾರ್ಥನೆಯನ್ನು ಗಿಡ್ಡ ಮಾಡಿಕೊಂಡೆ. ಅವ್ವನ ಎಮ್ಮೆ, ಅಜ್ಜಿ, ಮಾವನ ಮಗ ಎಲ್ಲರೂ ಬಿಟ್ಟುಹೋಗಿ ಎರಡೇ ಸಾಲು ಉಳಿಯಿತು.

ದಸರೆಯ ಖಂಡೆಪೂಜೆಗೆ ಸರಪಳಿ, ಸಲಾಕೆ, ಆಮೇಲೆ ಬಂದ ಹೊಸ ಯಂತ್ರಗಳು, ಎಲ್ಲವನ್ನೂ ಮೇಜಿನ ಮೇಲಿಟ್ಟು ಹೂವೇರಿಸುತ್ತಾರೆ. ಮೊದಲ ವರ್ಷ ರಜೆ ಹಾಕಿದೆ. ಎರಡನೇ ವರ್ಷ ಹೊಟ್ಟೆನೋವು ಅಂದೆ. ಮೂರನೇ ವರ್ಷ ಗುರುಪಾದಪ್ಪನವರು ಹಿಂದಿನ ದಿನವೇ ನನ್ನ ಮೇಜಿನ ಹತ್ತಿರ ಬಂದರು. “ಬಾಯಾರ, ವರ್ಷಾ ದಸರಾಕ್ಕ ನಿಮಗ ಹೊಟ್ಟಿ ನೋಯೂದು ಬ್ಯಾಡ. ನಿಮ್ಮ ಪಾಲಿನ ಹೋಳಿಗಿ ನೈವೇದ್ಯಕ್ಕಿಂತ ಮೊದಲ ತಗದಿಡಸ್ತೇನಿ. ಬರ್ರಿ, ಕುಂಡ್ರಿ, ಉಣ್ರಿ.” ನನಗೆ ನಾಚಿಕೆಯಾಯಿತು. ನಾನು ಕ್ರಿಸ್‌ಮಸ್ಸಿಗೆ ಕರಚಿಕಾಯಿ ಒಯ್ದರೆ ಅವರು ಅದನ್ನು ಎರಡೂ ಕಣ್ಣಿಗೆ ಒತ್ತಿಕೊಂಡೇ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ದಸರೆಯ ಮರುದಿನ ಬನ್ನಿ ಎಲೆ ಕೊಟ್ಟು “ಬಂಗಾರದಂಗ ಇರೂಣ್ರಿ” ಅಂದಾಗ ನಾನೂ ಯಾವ ವಿಚಾರ ಮಾಡದೆ ಕೈಯೊಡ್ಡುತ್ತಿದ್ದೆ. ಚೆಂದಾಗಿರೋಣ ಅಂದವರಿಗೆ ಒಲ್ಲೆ ಅನ್ನಲು ನನಗೆ ಬಾಯಿ ಬರಲಿಲ್ಲ.

ಹಳ್ಳಿಗಳಲ್ಲೂ ಸುದ್ದಿ ಹಬ್ಬಿತು. “ಕಣ್ಣ ಮುಚ್ಚೂ ಬಾಯಾರ ಬಂದಾರ” ಅನ್ನುತ್ತಿದ್ದರು. ಯಾರ ಕೈಯಿಂದಲೂ ದುಡ್ಡು ಮುಟ್ಟುವುದಿಲ್ಲ ಅನ್ನುವುದು ಗೊತ್ತಾದ ಮೇಲೆ ಒಂದು ಕಟ್ಟು ಹಸಿ ಕಡಲೆ ಗಿಡವನ್ನೋ, ಒಂದಿಷ್ಟು ಸೀತನಿಯನ್ನೋ ಕೊಟ್ಟು ಕೈ ಮುಗಿಯುತ್ತಿದ್ದರು. ಅದನ್ನು ಮಾತ್ರ ತಿನ್ನುತ್ತಿದ್ದೆ. ಸುಟ್ಟ ಎಳೆಯ ಜೋಳದ ಸೀತನಿಗೆ ಒಲ್ಲೆ ಅನ್ನುವ ಶಕ್ತಿಯನ್ನು ದೇವರು ನನಗೆ ಕೊಟ್ಟಿಲ್ಲ. “ದೇವರಿಗೆ ಅಂಜೂ ಹೆಣಮಗಳು, ಸುಳ್ಳ ಅಳಿಯಂಗಿಲ್ಲ” ಅನ್ನುವ ಮಾತು ಕಿವಿಗೆ ಬಿದ್ದಾಗ ಒಳಗೊಳಗೇ ಉಬ್ಬುತ್ತಿದ್ದೆ. ಭಾನುವಾರ ಚರ್ಚಿನಲ್ಲಿ ಕೂತು ನಮ್ಮ ಸಭಾಪಾಲಕರು ಅಹಂಕಾರದ ಮೇಲೆ ಪ್ರಸಂಗ ಮಾಡುವಾಗ ಯಾರ್ಯಾರಿಗೆ ಇದು ತಾಗಬೇಕು ಎಂದು ಸುತ್ತಮುತ್ತ ನೋಡುತ್ತಿದ್ದೆ.

ಈಗ ತಪ್ಪಿಗೆ ಬರುತ್ತೇನೆ.

ದೊಡ್ಡ ರಸ್ತೆಯಿಂದ ಎರಡು ಮೈಲಿ ಒಳಗೆ ಒಂದು ಊರು. ಅಲ್ಲಿಯ ಗೌಡರೊಬ್ಬರು ತಮ್ಮ ಹೊಲದ ಗಡಿ ಗುರುತಿಸಿ ಕೊಡಿರೆಂದು ಅರ್ಜಿ ಹಾಕಿದ್ದರು. ಬಾಜೂ ಹೊಲ ನೀಲವ್ವ ಅನ್ನುವ ಹೆಣ್ಣುಮಗಳದು. ಗಂಡ ಇಲ್ಲ, ತಾನೇ ನಿಂತು ಮೆಣಸಿನಕಾಯಿ, ಕಡಲೆ ಬೆಳೆಯುವಾಕೆ. ನೋಟಿಸು ಮುಟ್ಟಿತ್ತು. ಆದರೆ ಆಕೆ ಮಗಳ ಬಾಣಂತನಕ್ಕೆ ಶಲವಡಿಗೆ ಹೋದವಳು ಅಳತೆಯ ದಿನ ಬರಲಿಲ್ಲ.

ಎಳ್ಳಮಾಸಿ ಮುಗಿದು ಸ್ವಲ್ಪ ದಿನವಾಗಿತ್ತು. ಹಳೆಯ ನಕ್ಷೆಯ ಪ್ರಕಾರ ಎರಡೂ ಹೊಲದ ನಡುವಿನ ಮೂಲೆಯಲ್ಲಿ ಒಂದು ಬಾಂದಗಲ್ಲು, ಅಂದರೆ ಗಡಿಯ ಕಲ್ಲು, ಇರಬೇಕು. ಅಳತೆ ಶುರುವಾಗುವುದೇ ಅಲ್ಲಿಂದ. ಹೋಗಿ ನೋಡಿದರೆ ಅಲ್ಲಿ ಎರಡು ಕಲ್ಲುಗಳಿದ್ದವು. ಒಂದು ಬೋಳು ಕಲ್ಲು, ನೀಲವ್ವನ ಹೊಲದ ಒಳಗೆ. ಅದರಿಂದ ಎಂಟು ಅಡಿ ಆಚೆ, ಗೌಡರ ಹೊಲದ ಕಡೆಗೆ, ಬನ್ನಿ ಗಿಡದ ಬದಿಗೆ, ಬುಡದಿಂದ ತಲೆಯವರೆಗೆ ಸುಣ್ಣ ಬಳಿದು ಕುಂಕುಮ ಹಚ್ಚಿದ ಇನ್ನೊಂದು ಕಲ್ಲು. ಗಿಡದ ಬುಡದಲ್ಲಿ ಐದು ಪಾಂಡವರು.

“ಬಾಯಾರ, ಅಲ್ಲೊಂದು ಕಲ್ಲ ಐತ್ರಿ,” ಎಂದರು ಫಕ್ಕೀರಪ್ಪ ಕಾಕಾ.

“ಅದು ದೇವರ ಕಲ್ಲು. ಬಿಡ್ರಿ,” ಎಂದೆ.

ಹೇಳುತ್ತಲೇ ನನ್ನ ಮುಖ ತಾನೇ ಬೇರೆ ಕಡೆ ತಿರುಗಿತ್ತು. ಗದ್ದ ಹಿಡಿದು ತಿರುಗಿಸಲು ಅವ್ವ ಬೇಕಾಗಿರಲಿಲ್ಲ. ಕಾಕಾ ಅರೆಗಳಿಗೆ ನಿಂತರು, ಏನೋ ಹೇಳಲು ಬಾಯಿ ತೆರೆದರು, ಮುಚ್ಚಿದರು. ಬೋಳು ಕಲ್ಲಿನಿಂದ ಸರಪಳಿ ಎಳೆದೆವು. ಮೂರು ಕಡೆಯ ಅಳತೆ ಹೇಗೋ ಹೊಂದಿತು. ನಾಲ್ಕನೆಯ ಕಡೆ ಏಳೆಂಟು ಅಡಿ ತಪ್ಪು ಬಂತು. ಕರಿಮಣ್ಣಿನ ಹೊಲ ಬೇಸಿಗೆಯಲ್ಲಿ ಬಿರಿದು ಮಳೆಗೆ ಉಬ್ಬಿ ಕಲ್ಲುಗಳನ್ನು ಜರುಗಿಸುವುದುಂಟು. ಇದೂ ಹಾಗೇ ಇರಬೇಕೆಂದು ನನಗೆ ನಾನೇ ಹೇಳಿಕೊಂಡು ಹೊಸ ಗುರುತು ಹಾಕಿಸಿ, ಸಹಿ ಮಾಡಿ, ಗೌಡರ ಮನೆಯ ಚಹಾ ಕುಡಿದು ಬಂದೆ. ನೀಲವ್ವನ ಹೊಲದಲ್ಲಿ ಈ ತುದಿಯಿಂದ ಆ ತುದಿಗೆ ಎಂಟು ಅಡಿ ಅಗಲದ ಪಟ್ಟಿ ಗೌಡರ ಕಡೆಗೆ ಹೋಯಿತು. ಬನ್ನಿ ಗಿಡವೂ ಪಾಂಡವರೂ ಅದರ ಜೊತೆಗೇ ಹೋದರು.

ಬೇಸಿಗೆ ಮುಗಿಯುತ್ತ ಬಂದಾಗ ಒಂದು ಮಧ್ಯಾಹ್ನ ನೀಲವ್ವ ಕಚೇರಿಗೆ ಬಂದಳು. ಎತ್ತರದ ಹೆಂಗಸು, ಇಳಕಲ್ ಸೀರೆ, ಕೈಯಲ್ಲೊಂದು ಚೀಲ. ಜಗಳಕ್ಕೆ ಬಂದಿರಬಹುದೆಂದು ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಆಕೆ ಚೀಲದಿಂದ ಒಣ ಮೆಣಸಿನಕಾಯಿಯ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟಳು.

“ಬಾಯಾರ, ಒಂದ ಮಾತ ಕೇಳೂದಿತ್ರಿ. ಗೌಡ್ರು ಬಿತ್ತಿಗಿಗೆ ಮೊದಲ ನಮ್ಮ ದೇವರನ್ನ ಎತ್ತಕೋರಿ ಅಂದಾರ. ಎಲ್ಲೆ ಇಡ್ಲ್ರಿ? ಹೊಸಾ ಗುರುತಿನ ಈಚೆ ಕಡೆ ಎಷ್ಟ ಬಿಟ್ಟು ಇಡಬೇಕ್ರಿ?”

“ನಿಮಗ ಅಳತಿ ಮ್ಯಾಲ ಏನರ ತಕರಾರ ಐತೇನ್ರಿ?” ಎಂದೆ.

“ನಿಮ್ಮ ಅಳತಿ ಮ್ಯಾಲ ಎಂಥಾ ತಕರಾರ್ರಿ!” ಆಕೆ ನಿಜಕ್ಕೂ ನೊಂದುಕೊಂಡಳು. “ನಮ್ಮ ಮೈದುನ ಹಾರ್ಯಾಡಿದ. ನಾನ ಬೈದೆ. ದೇವರಿಗೆ ಕಣ್ಣ ಮುಚ್ಚಿ ಕೈ ಮುಗದು ಅನ್ನಾ ಮುಟ್ಟೂ ಹೆಣಮಗಳು, ಆಕಿ ಸುಳ್ಳ ಅಳೀತಾಳೇನೋ ಅಂದೆ. ನಮ್ಮ ಮಾವ ಆ ಸುಣ್ಣದ ಕಲ್ಲ ಬಾಂದಗಲ್ಲ ಅಂತ ಸಾಯೂತನಾ ಹೇಳಿದ. ಅವಂದ ತಪ್ಪಿರಬೇಕ್ರಿ.”

ಅದೇ ಬಾಂದಗಲ್ಲೆಂದು ಆ ಕ್ಷಣಕ್ಕೇ ನನಗೆ ತಿಳಿದುಹೋಯಿತು. ತಪ್ಪಿ ಬಂದ ಆ ಎಂಟು ಅಡಿ ಕಣ್ಣೆದುರು ನಿಂತಿತು. ಆಕೆ ತನ್ನ ಸತ್ತ ಮಾವನನ್ನು ಸುಳ್ಳನನ್ನಾಗಿ ಮಾಡಿದ್ದಳು, ನನ್ನನ್ನಲ್ಲ.

“ಸದ್ಯಕ ದೇವರನ್ನ ಸರಸಬ್ಯಾಡ್ರಿ. ನಾ ಹೇಳಿ ಕಳಸ್ತೇನಿ,” ಎಂದಷ್ಟೇ ಹೇಳಿ ಕಳಿಸಿದೆ. ಮೆಣಸಿನಕಾಯಿ ಪೊಟ್ಟಣವನ್ನು ಆಕೆ ಒಯ್ಯಲಿಲ್ಲ. ಅದರ ಖಾರ ಮೂಗಿಗೆ ಹತ್ತುತ್ತಿತ್ತು.

ಊಟಕ್ಕೆ ಕೂತೆವು. ಡಬ್ಬಿ ತೆರೆದೆ. ಕಣ್ಣು ಮುಚ್ಚಲು ಆಗಲಿಲ್ಲ. ಮುಚ್ಚಿದರೆ ಯಾರ ಮುಂದೆ ನಿಲ್ಲಬೇಕೆಂದು ಗೊತ್ತಿತ್ತು. ರೊಟ್ಟಿ ಮುರಿದು ನೇರ ಬಾಯಿಗೆ ಹಾಕಿಕೊಂಡೆ. ಎದುರಿಗೆ ಕಾಕಾನ ಕೈ ರೊಟ್ಟಿಯ ಮೇಲೆ ಹಾಗೇ ನಿಂತಿತ್ತು. ಗುರುಪಾದಪ್ಪನವರೂ ಕಾಯುತ್ತಿದ್ದರು.

“ಬಾಯಾರ, ಇನ್ನೂ ಆಗಿಲ್ಲಲ್ರಿ?” ಎಂದರು ಕಾಕಾ.

“ಮನಸಿನ್ಯಾಗ ಆತು, ಉಣ್ರಿ,” ಎಂದೆ.

ಸುಳ್ಳು. ಮರುದಿನವೂ ಅದೇ ಸುಳ್ಳು. ಮೂರನೆಯ ದಿನ ಹಸಿವಿಲ್ಲವೆಂದು ಹೊರಗೆ ಬೇವಿನ ಗಿಡದ ಕೆಳಗೆ ಹೋಗಿ ನಿಂತೆ. ತಲೆಯಲ್ಲಿ ಒಳ್ಳೊಳ್ಳೆಯ ವಕೀಲರು ಮಾತಾಡುತ್ತಿದ್ದರು. ಆಕೆಯದೇನೂ ತಕರಾರಿಲ್ಲ. ಅರ್ಜಿ ಇಲ್ಲ. ಫೈಲು ಮುಚ್ಚಿದೆ. ಎಂಟು ಅಡಿಯಲ್ಲಿ ಏನು ಮಹಾ ಬೆಳೆಯುತ್ತದೆ? ತಪ್ಪು ಒಪ್ಪಿಕೊಂಡರೆ ನಿನ್ನೊಬ್ಬಳ ಹೆಸರು ಕೆಡುವುದಿಲ್ಲ, ಯೇಸುವಿನ ಹೆಸರನ್ನೂ ಮಂದಿ ಆಡಿಕೊಳ್ಳುತ್ತಾರೆ. ಈ ಕೊನೆಯ ವಕೀಲ ಬಹಳ ಚೆನ್ನಾಗಿ ಮಾತಾಡಿದ. ನನ್ನ ಅಂಜಿಕೆಗೆ ಭಕ್ತಿಯ ಅಂಗಿ ತೊಡಿಸಿದವನು ಅವನೇ.

ಕಾಕಾ ಬಂದು ಬಾಜುವಿನಲ್ಲಿ ನಿಂತರು. ನಾನು ಕೇಳಿಯೇ ಬಿಟ್ಟೆ. “ಕಾಕಾ, ಆ ಸುಣ್ಣದ ಕಲ್ಲ ಬಾಂದಗಲ್ಲ ಅನ್ನೂದು ನಿಮಗ ಗೊತ್ತಿತ್ತಲ್ಲ?”

“ಗೊತ್ತಿತ್ರಿ.”

“ಮತ್ತ ಯಾಕ ಹೇಳಲಿಲ್ರಿ?”

ಕಾಕಾ ಕಾಲ ಹೆಬ್ಬೆರಳಿನಿಂದ ನೆಲ ಕೆರೆದರು. “ನೀವು ಮಾರಿ ತಿರಗಿಸಿದ್ರಿ. ನಿಮ್ಮಲ್ಲೆ ನಡಿಯಂಗಿಲ್ಲ, ಹೇಳಿ ಯಾಕ ನಿಮಗ ಸಂಕಟ ಮಾಡ್ಲಿ ಅಂತ ಸುಮ್ನಾದ್ನಿ. ಹಂತಾದ್ರಾಗ ಸಾಹೇಬ್ರು ಮೊದಲ ದಿನಾನ ಹೇಳ್ಯಾರ, ಬಾಯಾರ ದೇವರ ಇಚಾರದಾಗ ಯಾರೂ ಅಡ್ಡ ಬಾಯಿ ಹಾಕಬ್ಯಾಡ್ರಿ ಅಂತ.”

ನೋಡಿ, ಎಷ್ಟು ಚೆಂದದ ಕಚೇರಿ ನಮ್ಮದು! ನನ್ನ ನಂಬಿಕೆಗೆ ನೋವಾಗಬಾರದೆಂದು ಅವರು ಬಾಯಿ ಮುಚ್ಚಿಕೊಂಡರು. ನಾನು ಕಣ್ಣು ಮುಚ್ಚಿಕೊಂಡೆ. ಹೊಲ ಹೋದದ್ದು ನೀಲವ್ವನದು. ಇಷ್ಟು ವರ್ಷ ಅವರು ನನಗೆ ಜಾಗ ಮಾಡಿಕೊಟ್ಟಿದ್ದರು, ಹೋಳಿಗೆ ತೆಗೆದಿಟ್ಟಿದ್ದರು, ರೊಟ್ಟಿ ಹಿಡಿದು ಕಾದಿದ್ದರು. ಅವರಿಗೆ ಯಾವುದು ದೊಡ್ಡದೋ ಅದರ ಕಡೆ ನಾನು ಒಂದು ಸಲವಾದರೂ ನೆಟ್ಟಗೆ ನೋಡಿರಲಿಲ್ಲ. ಅಳುವೇ ಬಂತು. ಕಾಕಾ ಗಾಬರಿಯಾಗಿ, “ಅಯ್ಯ, ಅಳಬ್ಯಾಡ್ರಿ ಬಾಯಾರ, ಮಂದಿ ನಾ ಏನರ ಅಂದೇನಂತ ತಿಳೀತಾರ,” ಎಂದು ತಮ್ಮ ಟವೆಲ್ಲು ಕೊಟ್ಟರು.

ಅದೇ ಮಧ್ಯಾಹ್ನ ಬರೆದೆ. ಅಳತೆಯಲ್ಲಿ ತಪ್ಪಾಗಿದೆ, ತಪ್ಪು ನನ್ನದು, ಮರು ಅಳತೆಗೆ ಅಪ್ಪಣೆ ಕೊಡಬೇಕು. ಗುರುಪಾದಪ್ಪನವರು ಎರಡು ಸಲ ಓದಿದರು.

“ಇದನ್ನ ಮ್ಯಾಲ ಕಳಿಸಿದ್ರ ನಿಮಗ ಮೆಮೊ ಬರತೈತ್ರಿ. ಬಡ್ತಿಗೆ ಅಡ್ಡಾಗತೈತಿ. ಆಕಿನ ಒಪ್ಪಿಕೊಂಡಾಳಲ್ಲ, ನಿಮಗ್ಯಾಕ್ರಿ?”

“ಆಕಿ ನನ್ನ ಪ್ರಾರ್ಥನಾ ನೋಡಿ ಒಪ್ಪಿಕೊಂಡಾಳ್ರಿ ಸರ. ನಾ ಸುಮ್ನಿದ್ರ ನನ್ನ ದೇವರನ್ನ ಸುಳ್ಳ ಸಾಕ್ಷಿಗೆ ನಿಲ್ಲಿಸಿದಂಗ ಆಗತೈತಿ.”

ಅವರು ಎದೆಯ ಮೇಲಿನ ಕರಡಿಗೆಯನ್ನು ಒಮ್ಮೆ ಮುಟ್ಟಿಕೊಂಡರು. ಆಮೇಲೆ ಪೆನ್ನು ತೆಗೆದು ಕೆಳಗೆ ಸಹಿ ಹಾಕಿ, “ಅಳಿಯೂ ದಿನಾ ನಾನೂ ಬರತೇನಿ,” ಎಂದರು.

ಮೆಮೊ ಬಂತು. ಬಿತ್ತಿಗೆಗೆ ನಾಲ್ಕು ದಿನ ಇರುವಾಗ ಮರು ಅಳತೆಯ ಅಪ್ಪಣೆಯೂ ಬಂತು. ಹೊಲದಲ್ಲಿ ಗೌಡರು, ನೀಲವ್ವ, ಊರಿನ ಏಳೆಂಟು ಮಂದಿ ಸೇರಿದ್ದರು. ಎಲ್ಲರ ಮುಂದೆ ಹೇಳಿದೆ, “ಹ್ವಾದ ಸಲ ನಾ ತಪ್ಪ ಕಲ್ಲಿನಿಂದ ಅಳದೇನ್ರಿ. ತಪ್ಪ ನಂದು.” ನೀಲವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳ ನೋಟವನ್ನು ಎದುರಿಸುವುದು ಮೆಮೊಗಿಂತ ಕಷ್ಟವಾಯಿತು.

ಸುಣ್ಣದ ಕಲ್ಲಿನ ಹತ್ತಿರ ಹೋದೆ. ಬಾಂದಗಲ್ಲಾಗಿದ್ದರೆ ತಲೆಯ ಮೇಲೆ ಗುರುತು ಕೊರೆದಿರಬೇಕು. ನೋಡಬೇಕೆಂದರೆ ಸುಣ್ಣ, ಕುಂಕುಮ ತೊಳೆಯಬೇಕು. ಹುಟ್ಟಿದಾಗಿನಿಂದ ಇಂಥ ಕಲ್ಲಿನ ಮುಂದೆ ನನಗೆ ಇದು ನಡೆಯುತ್ತದೋ ಇಲ್ಲವೋ ಅನ್ನುವುದೊಂದೇ ಪ್ರಶ್ನೆ. ಅವತ್ತು ಕೇಳಬೇಕಾದ ಪ್ರಶ್ನೆ ಬೇರೆ ಇತ್ತು.

“ನೀಲವ್ವಕ್ಕ, ನಾ ಇದನ್ನ ಮುಟ್ಟಿದ್ರ ನಡೀತೈತೇನ್ರಿ?”

ಆಕೆಗೆ ಆಶ್ಚರ್ಯವಾಯಿತು. “ಇಷ್ಟ ದಿನದಾಗ ಇದನ್ನ ಯಾರೂ ಕೇಳಿಲ್ರಿ ಬಾಯಾರ,” ಎಂದಳು. ಕೊಡದಿಂದ ತಂಬಿಗೆ ತುಂಬಿ ತಂದು ತಾನೇ ಕಲ್ಲಿನ ತಲೆಯ ಮೇಲೆ ಸುರಿದಳು. ನಾನು ಮೊಣಕಾಲೂರಿ ಕೈಯಿಂದ ತಿಕ್ಕಿದೆ. ಎಷ್ಟೋ ಎಳ್ಳಮಾಸಿಗಳ ಸುಣ್ಣ, ಪದರು ಪದರಾಗಿ ಎದ್ದಿತು. ಕೆಳಗೆ ಕಲ್ಲು ಕಂಡಿತು, ಕಲ್ಲಿನ ಮೇಲೆ ಅಡ್ಡ ಒಂದು ಗೀಟು, ಉದ್ದ ಒಂದು ಗೀಟು.

“ಇದರಾಗ ನಿಮ್ಮ ಶಿಲುಬೀನ ಐತಲ್ರಿ ಬಾಯಾರ!” ಎಂದರು ಫಕ್ಕೀರಪ್ಪ ಕಾಕಾ.

“ನನ್ನದಲ್ಲ ಕಾಕಾ, ಅದು ಸರ್ಕಾರದ್ದು,” ಎಂದೆ. ಎಲ್ಲರೂ ನಕ್ಕರು. ನಾನು ಇದಕ್ಕೆ ಹೆಚ್ಚಿನ ಅರ್ಥ ಹಚ್ಚುವುದಿಲ್ಲ. ಆ ಕಡೆಯ ಹಳೆಯ ಬಾಂದಗಲ್ಲಿಗೆಲ್ಲ ಅದೇ ಗುರುತು.

ಸರಪಳಿ ಎಳೆದೆವು. ನಾಲ್ಕೂ ಕಡೆ ಹೊಂದಿತು. ಪಟ್ಟಿ ನೀಲವ್ವನಿಗೆ ಮರಳಿತು. ಗೌಡರು ಸಹಿ ಹಾಕಿ ಮೋಟರ್‌ಸೈಕಲ್ ಹತ್ತುತ್ತ, “ಕಣ್ಣ ಮುಚ್ಚೂ ಬಾಯಾರ ಅಂದಿದ್ರು. ಕಣ್ಣ ಮುಚ್ಚಿ ಅಳಿಯೂ ಬಾಯಾರ ಅಂತ ಗೊತ್ತಿರಲಿಲ್ಲ,” ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಹೋದರು. ಆ ಹೆಸರು ಇನ್ನೂ ಆ ಕಡೆ ಓಡಾಡುತ್ತಿದೆ. ಕೇಳಿದಾಗ ಈಗಲೂ ಚುರುಕ್ ಅನ್ನುತ್ತದೆ, ಆದರೆ ಅಂದದ್ದು ಖರೇನೇ.

ನೀಲವ್ವ ನಮ್ಮನ್ನು ಹಾಗೇ ಬಿಡಲಿಲ್ಲ. ಬನ್ನಿ ಗಿಡದ ನೆರಳಿನಲ್ಲಿ ರೊಟ್ಟಿಯ ಗಂಟು ಬಿಚ್ಚಿದಳು. ಅದಕ್ಕೂ ಮೊದಲು ಒಂದು ಗಿಂಡಿಯಲ್ಲಿ ಸುಣ್ಣ ಕಲಸಿಕೊಂಡು ಕಲ್ಲಿನ ಹತ್ತಿರ ಕೂತಳು. ಬುಡದಿಂದ ಹಚ್ಚುತ್ತ ಹಚ್ಚುತ್ತ ಮೇಲಕ್ಕೆ ಬಂದಳು. ತಲೆಯ ಹತ್ತಿರ ಕೈ ನಿಲ್ಲಿಸಿದಳು. ಗೀಟು ಇರುವಷ್ಟು ಜಾಗ, ನಾಲ್ಕು ಬೆರಳಿನಷ್ಟು, ಬೋಳಾಗಿಯೇ ಬಿಟ್ಟು ಸುತ್ತ ಮಾತ್ರ ಬಳಿದಳು.

“ಅದನ್ಯಾಕ ಬಿಟ್ರಿ?” ಎಂದೆ.

“ನಿಮಗ ಕಾಣ್ಲಿ ಅಂತ್ರಿ,” ಎಂದಳು, ಕೈ ತೊಳೆಯುತ್ತ.

ನನ್ನ ತಪ್ಪನ್ನು ಆಕೆ ಕ್ಷಮಿಸಿದಳೋ ಇಲ್ಲವೋ ನಾನು ಕೇಳಲಿಲ್ಲ. ಎಲ್ಲರಿಗಿಂತ ಮೊದಲು ನನ್ನ ಕೈಗೆ ರೊಟ್ಟಿ ಕೊಟ್ಟಳು, ಮೇಲೆ ಝುಣಕ ಹಾಕಿದಳು. ಗುರುಪಾದಪ್ಪನವರು ಕಾಯುತ್ತಿದ್ದರು. ಕಾಕಾನ ಕೈ ರೊಟ್ಟಿಯ ಮೇಲೆ ನಿಂತಿತ್ತು. ಅವರನ್ನು ನೋಡಿ ನೀಲವ್ವನೂ ಕೈ ತಡೆದಳು.

ನಾನು ಕಣ್ಣು ಮುಚ್ಚಲಿಲ್ಲ. ಎದುರಿಗೇ ಆ ಕಲ್ಲು, ಹಸಿ ಸುಣ್ಣ ಬಿಸಿಲಿಗೆ ಇನ್ನೂ ಆರುತ್ತಿತ್ತು. ಅದನ್ನು, ಅದರಾಚೆ ಐದು ಪಾಂಡವರನ್ನು, ಕಾಯುತ್ತಿದ್ದ ಮೂವರನ್ನು ನೋಡುತ್ತಲೇ ಒಳಗೆ “ಕರ್ತನೇ” ಅಂದೆ. ಎರಡು ಸಾಲಿನಲ್ಲಿ ಮುಗಿಯಲಿಲ್ಲ. ಬಿಟ್ಟುಹೋದವರೆಲ್ಲ ಮರಳಿ ಬಂದರು. ಅವ್ವ, ನೀಲವ್ವ, ಅವಳ ಮಾವ, ಶಲವಡಿಯ ಕೂಸು, ಗೌಡರು ಕೂಡ.

“ಬಾಯಾರ,” ಎಂದರು ಕಾಕಾ ಮೆಲ್ಲಗೆ, “ಇನ್ನೂ ಆಗಿಲ್ಲಲ್ರಿ?”

“ಮನಸಿನ್ಯಾಗ ಆತು ಕಾಕಾ, ಉಣ್ರಿ,” ಎಂದೆ.

ಈ ಸಲ ಆಗಿತ್ತು.